ಮೂವತ್ತೊಂದನೇ ಸುತ್ತು

ನಮ್ಮೂರಿನಲ್ಲಿ ಭಾನುವಾರದ ಕಾರ್ ರೇಸಿನ ಸದ್ದು ಶನಿವಾರವೇ ಕೇಳಿಸುತ್ತದೆ. ಶನಿವಾರ ಸಂಜೆ ನಾಲ್ಕಕ್ಕೆ ಸರಿಯಾಗಿ ಊರಾಚೆಯ ಟ್ರ್ಯಾಕಿನ ಕಡೆಯಿಂದ ಹನ್ನೆರಡು ಎಂಜಿನ್ನುಗಳು ಒಟ್ಟಿಗೆ ಗುಡುಗುತ್ತವೆ. ಆಗ ಅಲ್ಲಿಗೆ ಹೋಗಿ ನೋಡಿದರೆ ಒಂದು ಕಾರೂ ಇರುವುದಿಲ್ಲ. ಬಿಸಿಲಲ್ಲಿ ನಾಲ್ಕಾರು ಆಡು ಮೇಯುತ್ತಿರುತ್ತವೆ, ಅಷ್ಟೆ. ಅವುಗಳ ಮೈಮೇಲೆಯೇ ಹಾಯ್ದಂತೆ ಸದ್ದು ಸುತ್ತುತ್ತದೆ, ಬ್ರೇಕು ಕಿರುಚುತ್ತದೆ, ಜನ ಹೋ ಎನ್ನುತ್ತಾರೆ, ಮೈಕಿನಲ್ಲಿ ನಾನು ಮಾತಾಡುತ್ತೇನೆ. ಆಡುಗಳು ಕತ್ತೆತ್ತಿ ನೋಡುವುದೂ ಇಲ್ಲ. ಮರುದಿನ ಭಾನುವಾರ ನಾಲ್ಕಕ್ಕೆ ನಿಜವಾದ ರೇಸು ನಡೆಯುವಾಗ ಮೈದಾನದಲ್ಲಿ ಎಳ್ಳಷ್ಟೂ ಸದ್ದಿರುವುದಿಲ್ಲ. ಅಲ್ಲಿ ಹುಟ್ಟಬೇಕಾದ ಸದ್ದೆಲ್ಲ ಹಿಂದಿನ ದಿನವೇ ಕೇಳಿ ಮುಗಿದಿರುತ್ತದೆ.

ಇದಕ್ಕೆ ತಕ್ಕ ಹಾಗೆ ನಾವು ಬದುಕುತ್ತೇವೆ. ಶನಿವಾರ ನಾಲ್ಕರ ಮುಹೂರ್ತಕ್ಕೆ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಕ್ಷೌರದಂಗಡಿಯ ಹನುಮಂತು ಕತ್ತಿ ಕೆಳಗಿಡುತ್ತಾನೆ, ಹಿಟ್ಟಿನ ಗಿರಣಿ ನಿಲ್ಲುತ್ತದೆ, ಹೆಂಗಸರು ಕುಕ್ಕರನ್ನು ಒಲೆಯಿಂದ ಇಳಿಸುತ್ತಾರೆ. ಎಲ್ಲರೂ ಮಾಳಿಗೆ ಹತ್ತಿ, ನಾಳೆ ತಾವು ಎಲ್ಲಿ ಕೆಮ್ಮುತ್ತೇವೆ, ಯಾರ ಮೇಲೆ ರೇಗುತ್ತೇವೆ ಎಂದು ಕಿವಿಗೊಟ್ಟು ಕೇಳುತ್ತಾರೆ. ಯಾರು ಗೆಲ್ಲುತ್ತಾರೆಂಬುದು ಐದು ಗಂಟೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಆದರೂ ಭಾನುವಾರ ಮೈದಾನ ತುಂಬುತ್ತದೆ. ಕೇಳಿದ್ದನ್ನು ನೋಡದೆ ಬಿಟ್ಟರೆ ಆ ಸದ್ದು ಮನೆಯೊಳಗೆ ಬಂದು ಉಳಿಯುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಟ್ರ್ಯಾಕು ಬಹಳ ಚಿಕ್ಕದು. ಮೊಟ್ಟೆಯ ಆಕಾರ, ಸುತ್ತಲೂ ಎದೆಯೆತ್ತರದ ಕಾಂಕ್ರೀಟು ಗೋಡೆ, ನಡುವೆ ಹುಲ್ಲು. ಒಂದು ಸುತ್ತಿಗೆ ಇಪ್ಪತ್ತು ಸೆಕೆಂಡು, ಅಂಥ ನಲವತ್ತು ಸುತ್ತು. ಕಾರುಗಳೆಲ್ಲ ಗುಜರಿಗೆ ಬಂದ ಹಳೆಯವು. ಗಾಜು ತೆಗೆದು, ಬಾಗಿಲಿಗೆ ವೆಲ್ಡಿಂಗ್ ಹೊಡೆದು, ಒಳಗೆ ಕಬ್ಬಿಣದ ಪೈಪುಗಳ ಪಂಜರ ಕಟ್ಟಿರುತ್ತಾರೆ. ಓಡಿಸುವವರು ಕಿಟಕಿಯಿಂದ ನುಸುಳಿ ಒಳಗಿಳಿಯಬೇಕು. ಒಬ್ಬರನ್ನೊಬ್ಬರು ತಳ್ಳುವುದಕ್ಕೆ, ಗುದ್ದುವುದಕ್ಕೆ ಅಡ್ಡಿಯಿಲ್ಲ.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರು, ಹೆಸರು ಇಂದುಮತಿ. ಹದಿನಾಲ್ಕು ವರ್ಷದಿಂದ ತಗಡಿನ ಗೋಪುರದಲ್ಲಿ ಕೂತು ರೇಸಿನ ಮೈಕು ಹಿಡಿಯುವವಳೂ ನಾನೇ. ಕೇಳಿಸದ ಮೈಕಿನಲ್ಲಿ ಮಾತಾಡುವುದು ಹೇಗೆ ಎಂದು ಹೊರಗಿನವರು ನಗುತ್ತಾರೆ. ಅಭ್ಯಾಸವಾಗಿಬಿಡುತ್ತದೆ. ನನ್ನ ಗಂಟಲು ನಡುಗುವುದು ನನಗೆ ಗೊತ್ತಾಗುತ್ತದೆ, ತುಟಿ ಆಡುತ್ತದೆ, ಮಾತು ಮಾತ್ರ ನಿನ್ನೆಗೆ ಹೋಗಿರುತ್ತದೆ. ಶನಿವಾರ ಕೇಳಿದ್ದನ್ನು ನಾನು ಬಾಯಿಪಾಠ ಮಾಡಿಕೊಂಡು ಹೋಗುವುದಿಲ್ಲ. ಮೈಕು ಹಿಡಿದರೆ ಅವೇ ಮಾತುಗಳು ತಾವಾಗಿ ಬರುತ್ತವೆ ಎಂದು ನಂಬಿದ್ದೆ.

ತಮ್ಮ ಚಿದಾನಂದ ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವನು. ಅವ್ವ ತೀರಿಕೊಂಡಾಗ ಅವನಿಗೆ ಆರು ವರ್ಷ. ಅವನ ತಲೆಗೆ ಎಣ್ಣೆ ಹಚ್ಚಿದವಳು, ಕಿವಿ ಹಿಂಡಿದವಳು, ಅವನು ಮೊದಲ ಸಲ ಕಾರಿನ ಕಿಟಕಿಯಿಂದ ಒಳಗೆ ಇಳಿದಾಗ ಗೋಪುರದಲ್ಲಿ ಕೂತು ನಡುಗಿದವಳು ಎಲ್ಲ ನಾನೇ. ಅವನದು ಒಂಬತ್ತನೇ ನಂಬರಿನ ಹಳದಿ ಕಾರು. ಟಯರು ಬದಲಿಸುವುದರಿಂದ ಹಿಡಿದು ಎಂಜಿನ್ ಬಿಚ್ಚುವವರೆಗೆ ಎಲ್ಲ ಕೆಲಸಕ್ಕೂ ಅವನ ಜೊತೆಗಿರುತ್ತಿದ್ದವನು ಫಕೀರೇಶ. ಫಕೀರೇಶನದು ಗುಜರಿ ಅಂಗಡಿ. ಅಲ್ಲಿ ಒಂದು ಕ್ರೇನೂ ಇತ್ತು.

ಆ ಶನಿವಾರ ನಾವು ಮೂವರೂ ನಮ್ಮ ಮಾಳಿಗೆಯ ಮೇಲಿದ್ದೆವು. ನಾನು ಹಪ್ಪಳ ತಿರುವಿ ಹಾಕುತ್ತಿದ್ದೆ. ನಾಲ್ಕಕ್ಕೆ ಸದ್ದು ಶುರುವಾಯಿತು. ನನ್ನ ದನಿ ಎಂದಿನಂತೆಯೇ ಇತ್ತು: ಏಳನೇ ನಂಬರು ಹಿಂದೆ ಬಿತ್ತು, ಒಂಬತ್ತು ಒಳಗಿನಿಂದ ನುಗ್ಗಿತು, ಈಗ ಇಪ್ಪತ್ತನೇ ಸುತ್ತು, ಇನ್ನರ್ಧ ಉಳಿದಿದೆ. ಫಕೀರೇಶ ಚಿದುವಿನ ಬೆನ್ನಿಗೆ ಗುದ್ದಿ ಖುಷಿಪಟ್ಟ. ಆಮೇಲೆ ನನ್ನ ದನಿ "ಮೂವತ್ತೊಂದನೇ ಸುತ್ತು" ಎಂದು ಹೇಳಿ ನಿಂತಿತು. ಎಂಜಿನ್ನುಗಳು ಒಂದೊಂದಾಗಿ ಇಳಿದವು. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಠಣಠಣ, ಅದರ ಮೇಲೆ ಜನರ ಅರ್ಥವಾಗದ ಅರಚಾಟ. ಒಂದೇ ಒಂದು ಎಂಜಿನ್ ಮಾತ್ರ ಏರುತ್ತ ಹೋಯಿತು. ಹಿಂದೆಯೇ ಕಬ್ಬಿಣ ಕಾಂಕ್ರೀಟಿಗೆ ಬಡಿದ ಸದ್ದು. ಹಪ್ಪಳದ ತಟ್ಟೆಗಳು ಅಲುಗಾಡಿದವು.

"ಚಿದೂ!" ಎಂದು ನನ್ನ ದನಿ ಚೀರಿತು.

ಸ್ವಲ್ಪ ಹೊತ್ತು ಬರೀ ಓಡುವ ಕಾಲುಗಳ ಸಪ್ಪಳ. ಆಮೇಲೆ ಮತ್ತೆ ನನ್ನ ದನಿಯೇ. ಈ ಸಲ ಚೀರಾಟವಿರಲಿಲ್ಲ. ಶಾಲೆಯಲ್ಲಿ ಹಾಜರಿ ಕರೆಯುವಷ್ಟು ಸಾವಕಾಶ. "ಎತ್ತಬ್ಯಾಡ್ರಿ. ಯಾರೂ ಮುಟ್ಟಬ್ಯಾಡ್ರಿ. ಅಂವಾ ಹ್ಯಾಂಗ ಅದಾನ, ಹಂಗ ಇರ್ಲಿ."

ಅಲ್ಲಿಗೆ ಸದ್ದು ಮುಗಿಯಿತು. ಪಕ್ಕದ ಮಾಳಿಗೆಗಳಲ್ಲಿ ನಿಂತಿದ್ದವರೆಲ್ಲ ನಮ್ಮ ಕಡೆ ನೋಡಿ, ಆಮೇಲೆ ನೋಡದವರ ಹಾಗೆ ಒಬ್ಬೊಬ್ಬರೇ ಕೆಳಗಿಳಿದು ಹೋದರು. ಹೆಣದ ಮುಂದೆ ನಿಂತು ಆಡುವ ಮಾತು ಅದು ಎಂದೇ ನನಗೆ ಅನಿಸಿತು. ಪಂಚನಾಮೆ ಆಗುವ ತನಕ ಮುಟ್ಟಬೇಡಿ ಎನ್ನುವುದಿಲ್ಲವೇ, ಹಾಗೆ. ಫಕೀರೇಶ ಬಿಕ್ಕಲು ಶುರುಮಾಡಿದ. ಚಿದು ಮಾತ್ರ ಇನ್ನೂ ಟ್ರ್ಯಾಕಿನ ಕಡೆಗೇ ಕತ್ತು ವಾಲಿಸಿಕೊಂಡು, ಏನನ್ನೋ ಮತ್ತೆ ಮತ್ತೆ ಕೇಳಿಸಿಕೊಳ್ಳುವವನಂತೆ ನಿಂತಿದ್ದ.

"ನೀ ನಾಳೆ ಹೋಗೂದಿಲ್ಲ," ಎಂದೆ.

"ವೀರಭದ್ರನೂ ಹೋಗಿದ್ದಿಲ್ಲ ಅಕ್ಕಾ."

ವೀರಭದ್ರನ ಕಥೆ ಊರಿಗೆಲ್ಲ ಗೊತ್ತಿತ್ತು. ಎಂಟು ವರ್ಷದ ಹಿಂದೆ ಹೀಗೇ ಒಂದು ಡಿಕ್ಕಿ ಕೇಳಿಸಿತ್ತು, ನಾಲ್ಕನೇ ನಂಬರು ಎಂದು ನನ್ನ ದನಿಯೇ ಹೇಳಿತ್ತು. ವೀರಭದ್ರ ಹೆದರಿ ಮನೆಯಲ್ಲಿ ಕೂತ. ಅವನ ಚಿಕ್ಕಪ್ಪನ ಮಗ, ಇದೆಲ್ಲ ಸುಳ್ಳು ಎನ್ನುತ್ತ, ಅದೇ ಕಾರು ಹತ್ತಿ ಗೋಡೆಗೆ ಹೋಗಿ ಸತ್ತ. ವೀರಭದ್ರ ಈಗಲೂ ಪ್ರತಿ ಭಾನುವಾರ ಬಂದು ಗೋಡೆಯ ಆ ಜಾಗದಲ್ಲಿ ಕೈಯಿಟ್ಟು ನಿಲ್ಲುತ್ತಾನೆ. ಅದಕ್ಕೂ ಹಿಂದೆ, ನಮ್ಮ ಅಜ್ಜಂದಿರ ಕಾಲದಲ್ಲಿ, ಗೇಟಿಗೆ ಬೀಗ ಜಡಿದು ರೇಸನ್ನೇ ನಿಲ್ಲಿಸಿ ನೋಡಿದ್ದರಂತೆ. ಆ ಭಾನುವಾರ ನಾಲ್ಕಕ್ಕೆ ಸಂತೆಯಲ್ಲಿ ಏನಾಯಿತು ಎಂದು ಕೇಳಿದರೆ ಹಿರಿಯರು ಎದ್ದು ಹೋಗುತ್ತಿದ್ದರು.

"ನಾ ಕಾರಿನ್ಯಾಗ ಇರಲಿಲ್ಲಂದ್ರ ನೀ ನನ್ನ ಹೆಸರ ಯಾಕ ಕೂಗತಿ?" ಚಿದು ಕೇಳಿದ. "ಮನ್ಯಾಗ ಕುಂತ್ರ, ಆವಾಗ ನನ್ನ ಮ್ಯಾಲೆ ಏನ ಬೀಳತೈತಿ? ಇನ್ಯಾರ ಮ್ಯಾಲೆ ಬೀಳತೈತಿ? ಅದನ್ನ ಹೇಳು."

ಮೂವರೂ ಎದ್ದು ಮಕ್ತುಮಸಾಬರ ಮನೆಗೆ ಹೋದೆವು. ಮಕ್ತುಮಸಾಬರು ನಲವತ್ತು ವರ್ಷದಿಂದ ರೇಸಿನ ಬಾವುಟ ಹಿಡಿಯುವವರು. ಸದ್ದಿಲ್ಲದ ಮೈದಾನದಲ್ಲಿ ನಿಂತು ನಿಂತು, ಎಷ್ಟು ದೂರದಲ್ಲಿದ್ದವರ ತುಟಿ ನೋಡಿದರೂ ಮಾತು ಓದಿಬಿಡುತ್ತಿದ್ದರು. ಅವರು ಆಗಲೇ ಅಂಗಳದಲ್ಲಿ ನಮ್ಮ ದಾರಿ ಕಾಯುತ್ತಿದ್ದರು.

"ಬರ್ರಿ ಅಕ್ಕಾವ್ರ. ನಾ ಒಂದ ವಿಚಾರ ಮಾಡೀನಿ," ಎಂದರು. "ನಾವು ಕೇಳಿದ್ದು ಸದ್ದು. ಅದರಾಗ ಮನಷ್ಯಾ ಸತ್ತಿದ್ದು ಯಾರೂ ಕೇಳಿಲ್ಲ. ಕಬ್ಬಿಣ ಗ್ವಾಡಿಗೆ ಬಡಿಬೇಕು, ನೀವು ತಮ್ಮನ ಹೆಸರ ಹಿಡದು ಒದರಬೇಕು, ಅಷ್ಟ ಅಲ್ಲ? ಖಾಲಿ ಕಾರು ಬಡದ್ರ ಸದ್ದ ಆಗೂದಿಲ್ಲೇನು?"

ಫಕೀರೇಶ ತಟ್ಟನೆ ಕಣ್ಣೊರೆಸಿಕೊಂಡ. "ಕ್ರೇನ್ ತರ್ತೇನಿ ಚಾಚಾ. ಒಂದ ಹಳೇ ಕಾರಿನ ಬಾಡಿ ಎತ್ತಿ ಹಿಡಿತೇನಿ. ಮೂವತ್ತೊಂದನೇ ಸುತ್ತಿಗೆ ನೀವು ಕೆಂಪು ಬಾವುಟ ತೋರಿಸ್ರಿ. ಎಲ್ಲಾರೂ ಹುಲ್ಲಿನ್ಯಾಗ ಇಳೀಲಿ. ನಾ ಕ್ರೇನಿನ ಎಂಜಿನ್ ಏರಿಸಿ ಅದನ್ನ ಗ್ವಾಡಿ ಮ್ಯಾಲೆ ಬಿಡ್ತೇನಿ."

ಕತ್ತಲಾಗುವ ಮೊದಲೇ ಹನ್ನೊಂದು ಮನೆಗೂ ಹೋಗಿ ಓಡಿಸುವವರಿಗೆಲ್ಲ ಹೇಳಿ ಬಂದೆವು. ಯಾರೂ ಒಲ್ಲೆ ಎನ್ನಲಿಲ್ಲ.

ಭಾನುವಾರ ಮೂಡಣ ತಿರುವಿನ ಬಳಿ ಜನರನ್ನು ಕೂಡಿಸಲಿಲ್ಲ. ಅಲ್ಲಿ ಕ್ರೇನು ನಿಂತಿತ್ತು. ಅದರ ಕೊಕ್ಕೆಗೆ ತೂಗುಹಾಕಿದ ನೀಲಿ ಕಾರಿನ ಬಾಡಿ ಗೋಡೆಯ ನೇರ ಮೇಲೆ ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು. ಚಿದು ಕಿಟಕಿಯಿಂದ ಕಾರಿಗೆ ಇಳಿಯುವ ಮುಂಚೆ ಗೋಪುರದ ಕಡೆ ನೋಡಿ ಕೈಯೆತ್ತಿದ. ನಾಲ್ಕು ಹೊಡೆಯಿತು. ಮಕ್ತುಮಸಾಬರು ಹಸಿರು ಬಾವುಟ ಬೀಸಿದ ಕ್ಷಣಕ್ಕೆ, ಯಾರೋ ಕಿವಿಯೊಳಗೆ ಹತ್ತಿ ತುರುಕಿದಂತೆ, ಎಲ್ಲ ನಿಂತಿತು.

ಆ ರೇಸನ್ನು ಮೊದಲ ಸಲ ನೋಡಿದವರು ಎಷ್ಟೋ ಜನ ವಾಂತಿ ಮಾಡಿಕೊಂಡಿದ್ದಾರೆ. ಹನ್ನೆರಡು ಕಾರು ನೀರಿನೊಳಗಿನ ಮೀನುಗಳ ಹಾಗೆ ಒಂದನ್ನೊಂದು ತಾಗುತ್ತ ಸುತ್ತುತ್ತವೆ. ಧೂಳೇಳುತ್ತದೆ, ಟಯರಿನಿಂದ ಹೊಗೆ ಬರುತ್ತದೆ, ಕಿಡಿ ಹಾರುತ್ತದೆ. ಗೋಪುರದ ತಗಡು ಪಾದದ ಕೆಳಗೆ ಗಡಗಡ ನಡುಗುತ್ತದೆ. ಸಾವಿರ ಜನ ಬಾಯಿ ತೆರೆದು ಕೂಗುತ್ತಾರೆ. ಏನೂ ಕೇಳುವುದಿಲ್ಲ. ಆ ದಿನ ಮಾತ್ರ ಜನ ಬಾಯಿ ತೆರೆದಿರಲಿಲ್ಲ. ನಾನು ಮಾತಾಡುತ್ತಲೇ ಇದ್ದೆ. ಏಳು ಹಿಂದೆ ಬಿತ್ತು. ಒಂಬತ್ತು ಒಳಗಿನಿಂದ ನುಗ್ಗಿತು. ಇಪ್ಪತ್ತು. ಇಪ್ಪತ್ತೈದು. ಮೂವತ್ತು.

"ಮೂವತ್ತೊಂದನೇ ಸುತ್ತು" ಎಂದೆ. ಕೆಂಪು ಬಾವುಟ ಮೇಲೆದ್ದಿತು. ಕಾರುಗಳು ಒಂದರ ಹಿಂದೊಂದು ವೇಗ ತಗ್ಗಿಸಿ ಹುಲ್ಲಿಗೆ ಇಳಿದವು. ಚಿದು ಎಲ್ಲರಿಗಿಂತ ಮುಂದಿದ್ದ, ಹಾಗಾಗಿ ಬಾವುಟ ದಾಟಿ ಅರ್ಧ ಸುತ್ತು ಹೋಗಿಬಿಟ್ಟಿದ್ದ. ಫಕೀರೇಶ ಕ್ರೇನಿನ ಹಿಡಿಕೆ ಎಳೆದ.

ನೀಲಿ ಬಾಡಿ ಬೀಳಲಿಲ್ಲ. ಕೊಕ್ಕೆ ಅರ್ಧ ತೆರೆದು ಅಲ್ಲಿಯೇ ಸಿಕ್ಕಿಕೊಂಡಿತ್ತು. ಬಾಡಿ ಒಂದು ಕಡೆ ವಾಲಿ ತೂಗಾಡಿತು. ಫಕೀರೇಶ ಮತ್ತೆ ಎಳೆದ, ಮತ್ತೂ ಎಳೆದ. ಜನ ಎದ್ದು ನಿಂತರು. ತಾಯಂದಿರು ಮಕ್ಕಳನ್ನು ಅವಚಿಕೊಂಡರು. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕೇಳಿ ಮುಗಿದ ಆ ಡಿಕ್ಕಿ ನಮ್ಮೆಲ್ಲರ ನಡುವೆ ಎಲ್ಲೋ ಕಾದು ಕೂತಿತ್ತು, ಯಾವ ಕಡೆಯಿಂದ ಏಳುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಆಗ ಫಕೀರೇಶ ಕ್ರೇನಿನಿಂದ ಜಿಗಿದು, ಕಬ್ಬಿಣದ ಸಲಾಕೆ ಹಿಡಿದು ಗೋಡೆ ಹತ್ತಿದ. ವಾಲಿದ ಬಾಡಿಯ ಕೆಳಗೇ ನಿಂತು ಕೊಕ್ಕೆಗೆ ಹೊಡೆಯತೊಡಗಿದ.

ನಾನು ಮೈಕಿನಲ್ಲಿ ಅರಚಿದೆ. ಎಲ್ಲರೂ ಅರಚಿದರು. ಅವನಿಗೆ ಹೇಗೆ ಕೇಳಬೇಕು?

ಹುಲ್ಲಿಗೆ ಇಳಿಯಲೆಂದು ಮೂತಿ ತಿರುಗಿಸಿದ್ದ ಹಳದಿ ಕಾರು ಮತ್ತೆ ಟ್ರ್ಯಾಕಿಗೆ ಬಂತು. ಚಿದು ಕಂಡಿದ್ದ. ಅವನ ಹೆಲ್ಮೆಟ್ಟು ಒಂದು ಸಲ ಕ್ರೇನಿನ ಕಡೆ, ಒಂದು ಸಲ ನನ್ನ ಕಡೆ ಹೊರಳಿತು. ಆಮೇಲೆ ಕಾರು ವೇಗ ಹಿಡಿಯಿತು. ಪಡುವಣ ತಿರುವಿನ ಗೋಡೆಯ ಬಳಿ ಯಾರೂ ನಿಂತಿರಲಿಲ್ಲ. ಅವನು ಅದನ್ನೇ ಆರಿಸಿಕೊಂಡ. ಹಳದಿ ಕಾರಿನ ಮೂತಿ ಕಾಗದದಂತೆ ಮಡಚಿಕೊಂಡಿತು, ಹಿಂಭಾಗ ಎದ್ದು ನಿಂತು, ಮತ್ತೆ ನೆಲಕ್ಕೆ ಕೂತಿತು. ಗೋಪುರ ಒಮ್ಮೆ ಜೋಲಿ ಹೊಡೆಯಿತು. ನಾನು ಅವನ ಹೆಸರು ಕೂಗಿದೆ. ಗಂಟಲು ಹರಿದ ಹಾಗೆ ನೋವಾದದ್ದರಿಂದ ಕೂಗಿದೆನೆಂದು ಗೊತ್ತು.

ಹುಲ್ಲಿನಲ್ಲಿದ್ದವರೆಲ್ಲ ಓಡಿದರು. ಕಾರಿನ ಅಡಿಯಿಂದ ಬಿಳಿ ಹೊಗೆ ಏಳುತ್ತಿತ್ತು. ಮೊದಲು ಮುಟ್ಟಿದವನು ಕಿಟಕಿಯೊಳಗೆ ಎರಡೂ ಕೈ ಹಾಕಿ ಚಿದುವಿನ ಕಂಕುಳಿಗೆ ಸೇರಿಸಿದ. ನನ್ನ ಕಣ್ಣಿಗೆ ಹೊಗೆ ಮಾತ್ರ ಕಾಣುತ್ತಿತ್ತು. ಬೆಂಕಿ ಹತ್ತಿದರೆ ಮುಗಿಯಿತು ಎನ್ನುವುದು ಒಂದೇ ತಲೆಯಲ್ಲಿತ್ತು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿದೆ. ಏನು ಕೂಗಿದೆನೆಂದು ನನಗೆ ಸ್ಪಷ್ಟವಾಗಿ ನೆನಪಿದೆ. "ಎತ್ರಿ! ಲಗೂ ಎತ್ರಿ! ಹೊರಗ ಎಳೀರಿ ಅವನ್ನ!"

ಅವರು ನಿಂತುಬಿಟ್ಟರು. ಕಿಟಕಿಯೊಳಗೆ ಕೈ ಹಾಕಿದ್ದವನು ಬಿಸಿ ತಾಗಿದವನಂತೆ ಕೈ ಹಿಂದಕ್ಕೆ ತೆಗೆದುಕೊಂಡ. ಹತ್ತಾರು ಗಂಡಸರು ಕಾರಿನ ಸುತ್ತ ಕೈ ಚಾಚಿಕೊಂಡು, ಯಾರೂ ಮುಟ್ಟದೆ, ಕಲ್ಲಿನ ಗೊಂಬೆಗಳ ಹಾಗೆ ನಿಂತು ಗೋಪುರದ ಕಡೆ ನೋಡಿದರು. ನಾನು ಎರಡೂ ಕೈಯಿಂದ ಎಳೆಯಿರಿ ಎಳೆಯಿರಿ ಎಂದು ಸನ್ನೆ ಮಾಡಿದೆ. ಅವರಲ್ಲೊಬ್ಬ ನನ್ನ ಕಡೆ ಕೈಯೆತ್ತಿ, ಗೊತ್ತಿದೆ, ನಿನ್ನೆ ಕೇಳಿದ್ದು ನೆನಪಿದೆ ಎಂಬಂತೆ ತಲೆಯಾಡಿಸಿದ. ಇನ್ನೊಬ್ಬ ಕಾರಿನಡಿಗೆ ಮಣ್ಣು ಎರಚಿ ಹೊಗೆ ಆರಿಸಿದ.

ನಿನ್ನೆಯ ಸದ್ದು ಮುಗಿದಿದ್ದ ಆ ಗಳಿಗೆಗೆ, ಇದ್ದಕ್ಕಿದ್ದಂತೆ, ಸದ್ದು ಮರಳಿ ಬಂತು. ಮೊದಲು ನನ್ನ ಏದುಸಿರು. ಆಮೇಲೆ ಮೂಡಣ ತಿರುವಿನಲ್ಲಿ ಫಕೀರೇಶ ಸಲಾಕೆ ಬಿಸಾಡಿದ ಠಣ್ ಎಂಬ ಶಬ್ದ. ಅಷ್ಟರಲ್ಲಿ ಗೋಡೆಯ ಕಡೆಯಿಂದ ಸಣ್ಣ ದನಿ. "ಅಕ್ಕಾ, ಕಾಲು ಗೊತ್ತಾಗವಲ್ದು."

ಅಂಬುಲೆನ್ಸಿನಲ್ಲಿ ಡಾಕ್ಟರೇ ಬಂದರು. ಕಾರಿನ ಮೇಲ್ಭಾಗವನ್ನು ಕತ್ತರಿಸಿ, ಬೆನ್ನ ಹಿಂದೆ ಹಲಗೆ ಇಳಿಸಿ, ಕತ್ತಿಗೆ ಪಟ್ಟಿ ಕಟ್ಟಿ, ಒಂದು ಗಂಟೆ ಹಿಡಿದು ಅವನನ್ನು ಹೊರತೆಗೆದರು. ಕತ್ತಿನ ಎಲುಬು ಮುರಿದಿತ್ತು. ಕಂಕುಳಿಗೆ ಕೈ ಹಾಕಿ ಎಳೆದಿದ್ದರೆ ಅಲ್ಲೇ ಹೋಗುತ್ತಿದ್ದ ಎಂದು ಡಾಕ್ಟರು ಹೇಳಿದರು. "ಎತ್ತಬೇಡಿ ಅಂತ ಯಾರು ಹೇಳಿದ್ದು?" ಎಂದು ಕೇಳಿದರು. ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಅವರು ಬಂದು ನನಗೆ ಕೈ ಮುಗಿದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು.

ಜನ ಚದುರಿದ ಮೇಲೆ ಮಕ್ತುಮಸಾಬರು ಬಾವುಟಗಳನ್ನು ಸುತ್ತುತ್ತ ನನ್ನ ಹತ್ತಿರ ಬಂದರು. ರೇಸಿನುದ್ದಕ್ಕೂ ಅವರು ನಿಲ್ಲುವುದು ಗೋಪುರಕ್ಕೆ ಎದುರಾಗಿ.

"ನಿಮ್ಮ ಬಾಯಿ ಏನಂತು, ನಾ ನೋಡೀನಿ," ಎಂದರು.

"ಹಂಗಾದ್ರ ನಿನ್ನೆ ಮಾತಾಡಿದ್ದು ಯಾರ್ರಿ ಚಾಚಾ?"

"ಯಾರರೆ ಇರ್ಲಿ. ನಾ ಯಾರಿಗೂ ಹೇಳಾಂಗಿಲ್ಲ. ನೀವೂ ಹೇಳಬ್ಯಾಡ್ರಿ." ಸ್ವಲ್ಪ ದೂರ ಹೋದವರು ತಿರುಗಿ ನಿಂತು, "ಈ ನಲವತ್ತ ವರ್ಷದಾಗ ಬಾಯಿ ಒಂದ, ಸದ್ದು ಒಂದ ಆಗಿದ್ದು ಇದ ಮೊದಲನೇದ್ದಲ್ಲ," ಎಂದರು. ಉಳಿದವು ಯಾವುವು ಎಂದು ನಾನು ಕೇಳಲಿಲ್ಲ.

ಚಿದು ಹನ್ನೊಂದು ವಾರ ಆಸ್ಪತ್ರೆಯಲ್ಲಿದ್ದ. ಐದನೇ ವಾರಕ್ಕೆ ಬಲಗಾಲಿನ ಹೆಬ್ಬೆರಳು ಅಲುಗಿತು. ಆ ದಿನ ಫಕೀರೇಶ ವಾರ್ಡಿನವರಿಗೆಲ್ಲ ಬಾಳೆಹಣ್ಣು ಹಂಚಿದ. ಮನೆಗೆ ಬರುವಾಗ ಚಿದು ಎರಡು ಕೋಲು ಹಿಡಿದು ತಾನೇ ಹೊಸ್ತಿಲು ದಾಟಿದ. ನನ್ನ ಬದಲಿಗೆ ಮೈಕಿಗೆ ಬೇರೆಯವರನ್ನು ಕೂಡಿಸಿದ್ದರು. ನಾನು ಗೋಪುರದ ಕಡೆ ತಲೆ ಹಾಕಿರಲಿಲ್ಲ. ಶನಿವಾರ ನಾಲ್ಕಕ್ಕೆ ಕಿಟಕಿ ಹಾಕಿ, ರೇಡಿಯೋ ಜೋರಾಗಿ ಹಚ್ಚಿ ಕೂರುತ್ತಿದ್ದೆ.

ಒಂದು ಬೆಳಗ್ಗೆ ಪಡಸಾಲೆಯಲ್ಲಿ ಅವನನ್ನು ಕುರ್ಚಿಯಲ್ಲಿ ಕೂಡಿಸಿ ಕಾಲಿನ ಉಗುರು ಕತ್ತರಿಸುತ್ತಿದ್ದೆ. ಕತ್ತಿನ ಪಟ್ಟಿ ಇನ್ನೂ ಇದ್ದುದರಿಂದ ಅವನು ಕೆಳಗೆ ನೋಡುವ ಹಾಗಿರಲಿಲ್ಲ. ಎದುರಿನ ಗೋಡೆಗೆ ಹೇಳುವವನ ಹಾಗೆ ಹೇಳಿದ:

"ಅಕ್ಕಾ, ಅವತ್ತ ನಾ ಗ್ವಾಡಿಗೆ ಯಾಕ ತಿರುಗಿಸಿದೆ, ಗೊತ್ತೈತೇನು?"

"ಫಕೀರೇಶ ಕೆಳಗ ನಿಂತಿದ್ದ ಅಂತ."

"ಅದೂ ಹೌದ. ಆದ್ರ ಸಾಯಾಕ ಯಾರಿಗೆ ಧೈರ್ಯ ಇರತೈತಿ? ನಾ ಸಾಯೂದಿಲ್ಲಂತ ನನಗ ಶನಿವಾರನ ಗೊತ್ತಿತ್ತು." ಅವನು ನಕ್ಕ. "ಎತ್ತಬ್ಯಾಡ್ರಿ ಅಂದ್ಯಲ್ಲ, ಆ ದನಿ ಕೇಳೇ ಗೊತ್ತಾತು. ಅವ್ವ ಹ್ವಾದಾಗ ನಿನ್ನ ದನಿ ಹ್ಯಾಂಗಿತ್ತು, ನಾ ಕೇಳೀನಿ. ಸತ್ತಾರ ಮುಂದ ನೀ ಹಂಗ ಮಾತಾಡಾಕಿ ಅಲ್ಲ. ಇಂವಾ ಉಳದಾನ, ಇನ್ನ ಸಂಭಾಳಿಸಬೇಕು ಅನ್ನೂ ದನಿ ಅದು. ನಮ್ಮಕ್ಕ ಅದಾಳ, ಏನ ಮಾಡಬೇಕಂತ ಆಕಿಗೆ ಗೊತ್ತೈತಿ ಅಂತ ಅಕ್ಸಿಲೇಟರ್ ಒತ್ತಿದೆ."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವನೇ ಮುಂದುವರಿಸಿದ.

"ಇನ್ನೊಮ್ಮೆ ಅನ್ನು ಅಕ್ಕಾ ಆ ಮಾತ. ಆಸ್ಪತ್ರ್ಯಾಗ ಮಲಗಿದಾಗೆಲ್ಲಾ ನೆನಸ್ತಿದ್ದೆ. ಒಮ್ಮೆ ಎದುರಿಗೆ ಕೇಳಬೇಕು."

ಬೇಡ ಎನ್ನಲು ನನಗೆ ಯಾವ ಕಾರಣವೂ ತೋಚಲಿಲ್ಲ. ಅವನ ಪಾದವನ್ನು ನನ್ನ ತೊಡೆಯ ಮೇಲೆಯೇ ಇಟ್ಟುಕೊಂಡು, ನೆಲ ನೋಡುತ್ತ, ಆ ಮಾತುಗಳನ್ನು ನನ್ನ ಬಾಯಿಂದ ಮೊದಲ ಸಲ ಹೇಳಿದೆ. "ಎತ್ತಬ್ಯಾಡ್ರಿ. ಯಾರೂ ಮುಟ್ಟಬ್ಯಾಡ್ರಿ. ಅಂವಾ ಹ್ಯಾಂಗ ಅದಾನ, ಹಂಗ ಇರ್ಲಿ."

ಚಿದು ಕಣ್ಣು ಮುಚ್ಚಿ ಕೇಳಿಸಿಕೊಂಡ. ಬೀದಿಯಲ್ಲಿ ಒಂದು ಸೈಕಲ್ಲು ಹಾಯ್ದುಹೋಯಿತು.

"ಹಂಗಲ್ಲ," ಎಂದ. "ಅವತ್ತ ಅಂದಾಂಗ ಅನ್ನು."

ನಾನು ಉಸಿರು ತೆಗೆದುಕೊಂಡು, ಶಾಲೆಯ ಮೈದಾನವನ್ನು ನೆನೆದು, ಸಾವಕಾಶವಾಗಿ, ಗಟ್ಟಿಯಾಗಿ ಮತ್ತೊಮ್ಮೆ ಹೇಳಿದೆ. ಅವನು ಕಣ್ಣು ತೆರೆದ. ಕತ್ತು ಬಾಗುತ್ತಿರಲಿಲ್ಲ, ಆದರೂ ಕಣ್ಣುಗುಡ್ಡೆಗಳನ್ನಷ್ಟೇ ಕೆಳಗಿಳಿಸಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಮೂರನೇ ಸಲ ಅವನು ಕೇಳಲಿಲ್ಲ. ನಾನು ಉಳಿದ ಉಗುರುಗಳನ್ನು ಕತ್ತರಿಸಿದೆ.